ಟೀವಿಯೊಳಗಿನ ಮುಡಿಪು

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಕೆಟ್ಟ ಚಾಳಿಯಿದೆ. ಕೆಲಸವಿಲ್ಲದೆ ಕೂತರೆ ಅದು ತನ್ನಷ್ಟಕ್ಕೆ ತಾನೇ ತೋರುಬೆರಳಿನ ಗೆಣ್ಣನ್ನು ಒತ್ತತೊಡಗುತ್ತದೆ. ಎರಡು ಸಲ ಬೇಗ, ಒಂದು ಸಲ ನಿಧಾನ, ಮತ್ತೆ ಎರಡು ಸಲ ಬೇಗ. ಯಳಂದೂರಿನಿಂದ ಹೊನ್ನೂರಿನ ಶಾಲೆಗೆ ಆಟೊದಲ್ಲಿ ಹೋಗುವಾಗ ಒತ್ತುತ್ತದೆ. ಹೆಡ್‌ಮಾಸ್ಟರು ಸುತ್ತೋಲೆ ಓದುವಾಗಲಂತೂ ಬಿಡುವೇ ಇಲ್ಲದೆ ಒತ್ತುತ್ತದೆ. ಜೊತೆಯ ಟೀಚರೊಬ್ಬರು ಇದನ್ನು ಬಹಳ ದಿನ ನೋಡಿ, ‘ಏನ್ ಮಿಸ್, ಒಳಗೊಳಗೇ ಜಪ ಮಾಡ್ತೀರಾ’ ಎಂದು ಕೇಳಿದರು. ಹೂಂ ಎಂದುಬಿಟ್ಟೆ. ಅಂದಿನಿಂದ ಅವರಿಗೆ ನನ್ನ ಮೇಲೆ ಒಂದು ತೂಕ ಗೌರವ ಹೆಚ್ಚಾಗಿದೆ. ಮಗಳ ಮದುವೆ ಯಾವಾಗ ಕೂಡಿಬರುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ಅದು ಜಪವಲ್ಲ ಮಿಸ್, ಕಪ್ಪೆ ಹೊಡೆಯುವುದು ಎಂದು ಇನ್ನು ಯಾವ ಬಾಯಲ್ಲಿ ಹೇಳಲಿ.

ಕಪ್ಪೆಯೆಂದರೆ ಕೆರೆಯ ಕಪ್ಪೆಯಲ್ಲ, ಟೀವಿಯೊಳಗಿನ ಕಪ್ಪೆ. ನಾವು ಆಡುತ್ತಿದ್ದ ವಿಡಿಯೊ ಗೇಮಿನಲ್ಲಿ ಕತ್ತಿ ಹಿಡಿದ ಒಬ್ಬ ಪುಟ್ಟ ಮನುಷ್ಯ ಊರೂರು ಅಲೆಯುತ್ತಿದ್ದ. ಅವನು ಕಪ್ಪೆಗೆ ಎರಡೇಟು ಹಾಕಿದರೆ ಅದು ಮಾಯವಾಗಿ, ಅದರ ಜಾಗದಲ್ಲಿ ಎರಡು ಚಿನ್ನದ ಕಾಸು ಬೀಳುತ್ತಿತ್ತು. ಕಪ್ಪೆಯ ಹೊಟ್ಟೆಯಲ್ಲಿ ಕಾಸು ಯಾಕಿತ್ತು, ಅದು ಯಾವ ಅಂಗಡಿಗೆ ಹೊರಟಿತ್ತು ಎಂದೆಲ್ಲ ಕೇಳಬೇಡಿ. ಬಾವಲಿಗೆ ಐದು ಕಾಸು, ಹಾವಿಗೆ ಹನ್ನೆರಡು. ಹುಲ್ಲು ಕೊಯ್ದರೆ ಒಮ್ಮೊಮ್ಮೆ ಒಂದು ಕಾಸು ಸಿಗುತ್ತಿತ್ತು, ಬಹಳ ಸಲ ಏನೂ ಸಿಗುತ್ತಿರಲಿಲ್ಲ. ಕೂಲಿಯ ವಿಷಯದಲ್ಲಿ ಆ ಲೋಕಕ್ಕೂ ನಮ್ಮ ಹನೂರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಹೌದು, ಆಗ ನಾವು ಹನೂರಿನಲ್ಲಿದ್ದೆವು. ತೊಂಬತ್ತಮೂರೋ ತೊಂಬತ್ತನಾಲ್ಕೋ ಇರಬೇಕು. ನಾನು ಎಂಟನೇ ಕ್ಲಾಸು. ಅಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ, ಮನೆಗೆ ಬಂದಾಗ ಹುಬ್ಬು ಮೀಸೆಯೆಲ್ಲ ಹಿಟ್ಟು. ಅವ್ವನ ತಮ್ಮ ಪುಟ್ಟಸ್ವಾಮಿ ಮಾಮ ಕೊಳ್ಳೇಗಾಲದಲ್ಲಿ ವಿಡಿಯೊ ಅಂಗಡಿ ಇಟ್ಟಿದ್ದ. ಮುಂದೆ ಕ್ಯಾಸೆಟ್ಟು ಬಾಡಿಗೆಗೆ, ಹಿಂದಿನ ಕೋಣೆಯಲ್ಲಿ ಪರದೆ ಎಳೆದು ಎರಡು ಟೀವಿ, ಎರಡು ವಿಡಿಯೊ ಗೇಮು. ಅರ್ಧ ಗಂಟೆಗೆ ಇಷ್ಟು ಎಂದು ಹುಡುಗರಿಂದ ದುಡ್ಡು ತೆಗೆದುಕೊಂಡು ಆಡಿಸುತ್ತಿದ್ದ. ಹೆಣ್ಣುಮಕ್ಕಳು ಆ ಪರದೆಯ ಆಚೆ ಹೋಗುವಂತಿರಲಿಲ್ಲ. ಹಾಗೆಂದು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ, ಆದರೂ ನಮಗೆ ಗೊತ್ತಿತ್ತು.

ಆ ಮಾಮ ಒಂದು ದಿನ ಒಂದು ಗೇಮನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹನೂರಿನ ಬಸ್ಸು ಹತ್ತಿ ಬಂದದ್ದು ನಮ್ಮ ಅಕ್ಕನಿಗಾಗಿ. ಅಕ್ಕನ ಹೆಸರು ಮಾದೇವಿ. ನನಗಿಂತ ಏಳು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಅವಳ ಎದೆಯೊಳಗಿನ ಕವಾಟ ಕೆಟ್ಟಿತ್ತಂತೆ. ಅದು ಮೈಸೂರಿನ ಡಾಕ್ಟರು ಹೇಳುವ ತನಕ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೆಲಸಗಳ್ಳಿ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾಳೆ ಎಂದು ನಾನೂ ಅವ್ವನೂ ಅವಳನ್ನು ಸಾಕಷ್ಟು ಆಡಿಕೊಂಡಿದ್ದೆವು. ಅವಳು ಕೊಳ್ಳೇಗಾಲದಿಂದ ರೇಷ್ಮೆ ಸೀರೆ ತರಿಸಿಕೊಂಡು ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಬಗ್ಗಿ ಕೂತರೆ ಉಸಿರು ಕಟ್ಟುತ್ತಿದ್ದುದರಿಂದ ಅದೂ ನಿಂತುಹೋಯಿತು. ಆಪರೇಷನ್ ಆಗಬೇಕು, ಸರದಿ ಬಂದಾಗ ತಿಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಲ್ಲಿಯವರೆಗೆ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿರುವುದೇ ಅವಳ ಕೆಲಸ.

‘ಕುಂತು ಕುಂತು ತಲೆ ಕೆಡ್ತದೆ ಕಣವ್ವ, ಇದನ್ನ ಆಡ್ತಾ ಇರು. ಇದಕ್ಕೆ ಉಸ್ರು ಬ್ಯಾಡ, ಎರಡು ಎಬ್ಬೆರಳು ಇದ್ರೆ ಸಾಕು’ ಎಂದ ಮಾಮ. ಗೇಮಿನ ಕ್ಯಾಸೆಟ್ಟಿನೊಳಗೆ ಒಂದು ಸಣ್ಣ ಬ್ಯಾಟರಿ ಇದೆ, ಕರೆಂಟು ಹೋದರೂ ಎಷ್ಟು ಕಾಸು ದುಡಿದಿದ್ದೆವು, ಎಲ್ಲಿದ್ದೆವು ಎನ್ನುವುದನ್ನು ಅದು ಮರೆಯುವುದಿಲ್ಲ ಎಂದೂ ಹೇಳಿದ. ಹನೂರಿನಲ್ಲಿ ಆಗ ಕರೆಂಟು ಬಂದಾಗಲೇ ಜನ ಆಶ್ಚರ್ಯಪಡುತ್ತಿದ್ದುದರಿಂದ ಇದು ದೊಡ್ಡ ಮಾತಾಗಿತ್ತು.

ಒಬ್ಬನೇ ಮನುಷ್ಯನನ್ನು ಅಕ್ಕತಂಗಿಯರಿಬ್ಬರೂ ಆಡಿಸಬೇಕು. ಹೆಸರು ಇಡಿ ಎಂದು ಆಟ ಕೇಳಿತು. ನಾಲ್ಕೇ ಇಂಗ್ಲಿಷ್ ಅಕ್ಷರಕ್ಕೆ ಜಾಗವಿದ್ದುದರಿಂದ ಮಾದ ಎಂದು ಇಟ್ಟೆವು. ನನ್ನ ಎಂಟನೇ ಕ್ಲಾಸಿನ ಇಂಗ್ಲಿಷೇ ಆ ರಾಜ್ಯದಲ್ಲಿ ನಮಗಿದ್ದ ದುಭಾಷಿ. ಅರ್ಥವಾಗದಿದ್ದಾಗ ನಾನು ಕತೆ ಕಟ್ಟಿ ಹೇಳುತ್ತಿದ್ದೆ. ಮೀನುಗಾರನೊಬ್ಬ ಹೇಳಿದ ನಾಲ್ಕು ಸಾಲನ್ನು ಅವನ ಹೆಂಡತಿ ತೌರಿಗೆ ಹೋಗಿದ್ದಾಳೆ ಎಂದು ಅನುವಾದಿಸಿದ್ದೆ. ಅಕ್ಕ ಒಂದು ವಾರ ಅವನ ಮೇಲೆ ಕನಿಕರ ಇಟ್ಟುಕೊಂಡಿದ್ದಳು.

ಅವ್ವನಿಗೆ ಮಾದನ ನಡತೆ ಹಿಡಿಸಲಿಲ್ಲ. ಆಟದಲ್ಲಿ ಕಾಸು ಸಂಪಾದಿಸಲು ಇನ್ನೊಂದು ದಾರಿಯಿತ್ತು. ಯಾರ ಮನೆಗೆ ಬೇಕಾದರೂ ನುಗ್ಗಿ ಅಲ್ಲಿದ್ದ ಮಡಕೆಗಳನ್ನು ಒಡೆದರೆ ಒಳಗೆ ಕಾಸು ಸಿಗುತ್ತಿತ್ತು. ಮನೆಯವರು ಪಕ್ಕದಲ್ಲೇ ನಿಂತಿದ್ದರೂ ಚಕಾರ ಎತ್ತುತ್ತಿರಲಿಲ್ಲ. ರಾಗಿ ಕೇರುತ್ತಾ ಕೂತಿದ್ದ ಅವ್ವ ಮೊರ ನಿಲ್ಲಿಸಿ ನೋಡಿದಳು. ‘ಕಂಡೋರ ಮನೆ ಮಡಕೆ ಒಡುದು ಕಾಸು ತಕತದಲ್ಲ, ಇದ್ಯಾವ ಸೀಮೆ ಬಾಳು? ಆ ಎಣ್ಣು ಬಾಯಿ ಮುಚ್ಕಂಡು ನಿಂತದಲ್ಲ, ಪೊರಕೆ ತಕಂಡು ಎರಡು ಬುಡಬಾರ್ದಾ’ ಎಂದಳು. ಅಕ್ಕ ಆಮೇಲೆ ಮಡಕೆ ಒಡೆಯಲಿಲ್ಲ. ನಾನು ಅವ್ವ ಬಚ್ಚಲಿಗೆ ಹೋದಾಗ ಒಡೆಯುತ್ತಿದ್ದೆ.

ಖರ್ಚಿನಲ್ಲೂ ನಮಗಿಬ್ಬರಿಗೂ ಹೊಂದುತ್ತಿರಲಿಲ್ಲ. ನನಗೆ ಕೈಗೆ ಕಾಸು ಬಂದ ಕೂಡಲೇ ಅಂಗಡಿಗೆ ಓಡಬೇಕು. ಲಾಟೀನು, ಬೂಟು, ಕೆಂಪು ಮದ್ದು, ನೀಲಿ ಮದ್ದು ಏನಾದರೂ ಸರಿ. ಅಕ್ಕ ಅಂಗಡಿಗೆ ಹೋಗಿ ಬೆಲೆ ಕೇಳಿ ಹೊರಗೆ ಬರುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗುತ್ತಿದ್ದಳು. ‘ಎರಡು ಕಿತ ವಾಪಸ್ ಬಂದ್ರೆ ಇಳಿಸ್ತಾಳೆ ಕಣಮ್ಮಿ, ಯಾವ ಅಂಗಡಿಯೋಳು ಇಳಿಸಾಕಿಲ್ಲ?’ ಎನ್ನುತ್ತಿದ್ದಳು. ಟೀವಿಯ ಅಂಗಡಿಯವಳು ಬಗ್ಗುವ ಪೈಕಿಯಲ್ಲ. ಆಗಷ್ಟೇ ಕೊಂಡ ಬೂಟನ್ನು ಅವಳಿಗೇ ತಿರುಗಿ ಮಾರಲು ಹೋದರೆ ಅರ್ಧ ಬೆಲೆ ಹೇಳಿದಳು. ‘ಕಾಲೇ ತೂರ್ಸಿಲ್ಲ ಇನ್ನ, ಅರ್ಧ ರೇಟಾ?’ ಎಂದು ಅಕ್ಕ ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದಳು.

ಅವಳಿಗೆ ಆ ಲೋಕದಲ್ಲಿ ಒಂದೇ ಖರ್ಚು ನ್ಯಾಯವಾದದ್ದು ಅನ್ನಿಸಿತ್ತು. ಪ್ರತಿ ಊರಲ್ಲೂ ಒಂದು ಛತ್ರವಿತ್ತು. ಎಂಟು ಕಾಸು ಕೊಟ್ಟು ಮಲಗಿದರೆ, ಏಟು ತಿಂದು ಅರೆಜೀವವಾಗಿದ್ದ ಮಾದ ಬೆಳಿಗ್ಗೆ ಗಟ್ಟಿಮುಟ್ಟಾಗಿ ಏಳುತ್ತಿದ್ದ. ‘ಎಂಟೇ ಕಾಸು ನೋಡಮ್ಮಿ’ ಎಂದು ಅಕ್ಕ ಒಂದು ಸಲ ಹೇಳಿದ್ದಳು. ನಾನು ಹೂಂ ಎಂದು ಅವಳ ಕೈಯಿಂದ ರಿಮೋಟು ಕಿತ್ತುಕೊಂಡಿದ್ದೆ. ಎಂಥಾ ಕತ್ತೆಯಾಗಿದ್ದೆ ನಾನು.

ಮುಡಿಪಿನ ಯೋಚನೆ ಅವಳದೇ. ನಮ್ಮ ಕಡೆ ಕಾಯಿಲೆ ಕಸಾಲೆ ಬಂದರೆ ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಎತ್ತಿಡುತ್ತಾರೆ. ವಾಸಿಯಾದ ಮೇಲೆ ಬೆಟ್ಟಕ್ಕೆ ಹೋಗಿ ಒಪ್ಪಿಸಬೇಕು. ಅಲ್ಲಿಯವರೆಗೆ ಮನೆಗೆ ಬೆಂಕಿ ಬಿದ್ದರೂ ಆ ಗಂಟು ಬಿಚ್ಚುವಂತಿಲ್ಲ. ಅವ್ವ ತನ್ನ ಪಾಲಿನದನ್ನು ಕಟ್ಟಿದ್ದಳು, ಅಪ್ಪನೂ ಕಟ್ಟಿದ್ದ. ಅಕ್ಕನಿಗೆ ತಾನೂ ಕಟ್ಟಬೇಕೆಂಬ ಆಸೆ. ಆದರೆ ಅವಳ ಕೈಯಲ್ಲಿ ದುಡಿಮೆ ಎಲ್ಲಿತ್ತು? ‘ಅಪ್ಪನ ಕಾಸು ಕಟ್ಟಿದ್ರೆ ಅದು ಅಪ್ಪಂದೇ ಆಯ್ತದೆ. ನಾನು ದುಡುದಿರೋದು ಅಂತ ಇರೋದು ಇದೊಂದೇ’ ಎಂದು ಟೀವಿಯ ಕಡೆ ತೋರಿಸಿದಳು.

ನಾನು ನಕ್ಕೆ. ಅವ್ವ ನಗಲಿಲ್ಲ. ‘ಅದು ಒಳಗಿರೋ ಕಾಸಲ್ವಾ ಮಗ, ಬೆಟ್ಟಕ್ಕೆ ಎಂಗೆ ಎತ್ಕಂಡೋದೀಯೆ’ ಎಂದಷ್ಟೇ ಕೇಳಿದಳು. ಅಕ್ಕ ಅದಕ್ಕೂ ಉತ್ತರ ಹುಡುಕಿಟ್ಟಿದ್ದಳು. ಆಪರೇಷನ್ ಆಗಿ ಎದ್ದ ಮೇಲೆ ಮತ್ತೆ ಕುಚ್ಚು ಕಟ್ಟಿ, ಒಳಗೆ ಐನೂರು ಕಾಸು ಎತ್ತಿಟ್ಟರೆ ಅಷ್ಟೇ ರೂಪಾಯಿ ದುಡಿದು ಹುಂಡಿಗೆ ಹಾಕುವುದು. ಕರೆಂಟು ಹೋದರೂ ಮರೆಯದ ವಸ್ತು, ಇದರಲ್ಲಿ ಎತ್ತಿಟ್ಟರೆ ತಪ್ಪಿಲ್ಲ. ಅವ್ವ ‘ಐನೂರ ಒಂದು ಮಾಡು, ಒಂದು ಸೇರ್ಸು’ ಎಂದಳು. ನಮ್ಮ ಮನೆಯಲ್ಲಿ ಇಂಥ ವಿಷಯಗಳು ಹೀಗೆ ತೀರ್ಮಾನವಾಗುತ್ತಿದ್ದವು.

ಆಟದೊಳಗೆ ಕಾಸು ಎತ್ತಿಡಲು ಜಾಗವೂ ಇತ್ತು. ಒಂದು ಗುಡ್ಡದ ಮೇಲೆ ಬಿಳಿ ಗಡ್ಡದ ಮುದುಕ ಕೂತಿರುತ್ತಿದ್ದ. ಅವನ ಕೈಗೆ ಕೊಟ್ಟ ಕಾಸು ಭದ್ರ. ಮಾದ ಸತ್ತರೆ ಜೇಬಿನಲ್ಲಿದ್ದುದರಲ್ಲಿ ಅರ್ಧ ಹೋಗುತ್ತಿತ್ತು, ಮುದುಕನ ಹತ್ತಿರ ಇಟ್ಟದ್ದಕ್ಕೆ ಏನೂ ಆಗುತ್ತಿರಲಿಲ್ಲ. ಅಕ್ಕ ಅವನನ್ನು ತಮ್ಮಡಿ ಎಂದು ಕರೆದಳು. ಮಾದಪ್ಪನ ಬೆಟ್ಟದಲ್ಲಿ ಪೂಜೆ ಮಾಡುವವರಿಗೆ ನಾವು ಹಾಗೆ ಹೇಳುವುದು. ಕೊಳದ ದಂಡೆಯಲ್ಲಿ ಕಪ್ಪೆ ಹೊಡೆದು, ಹತ್ತಿಪ್ಪತ್ತು ಕಾಸು ಕೂಡಿದಾಗಲೆಲ್ಲ ಮಾದನನ್ನು ಗುಡ್ಡ ಹತ್ತಿಸಿ ತಮ್ಮಡಿಗೆ ಕೊಟ್ಟು ಬರುವಳು. ಮತ್ತೆ ಕೆಳಗಿಳಿದು ಕಪ್ಪೆ. ಎರಡು, ಎರಡು, ಎರಡು. ಹಾವು ಹೊಡೆದರೆ ಹನ್ನೆರಡು ಸಿಗುತ್ತದಲ್ಲ ಎಂದರೆ ಹಾವು ಬೇಡ, ಮಾದಪ್ಪನದು ಎನ್ನುತ್ತಿದ್ದಳು. ಕರೆಂಟು ಇದ್ದಷ್ಟು ಹೊತ್ತು ಆಡಿ, ಮೂರು ವಾರಕ್ಕೂ ಮೇಲೆ ಹೀಗೇ ನಡೆಯಿತು. ಐನೂರ ಒಂದಾದ ದಿನ ಅವಳ ಮುಖದಲ್ಲಿ ಗೆಲುವಿತ್ತು. ಬೆಲ್ಲ ಹಾಕಿ ಪಾಯಸ ಮಾಡಿಸಿದಳು. ಅದೇ ವಾರ ಆಸ್ಪತ್ರೆಯಿಂದ ಕಾಗದ ಬಂತು, ಆಪರೇಷನ್ನಿಗೆ ದಿನ ಗೊತ್ತಾಗಿದೆ ಎಂದು. ‘ನೋಡ್ದಾ’ ಎಂದಳು ಅಕ್ಕ. ಅದುವರೆಗೆ ಕತ್ತಿ ಕತ್ತರಿ ಎಂದರೆ ನಡುಗುತ್ತಿದ್ದವಳು ತಾನೇ ಬ್ಯಾಗಿಗೆ ಬಟ್ಟೆ ಜೋಡಿಸಿಕೊಂಡಳು.

ಆಪರೇಷನ್ನಿಗೆ ಮುಂಚೆ ಒಂದು ಸಲ ಪರೀಕ್ಷೆಗೆ ಬರಬೇಕೆಂದಿದ್ದರು. ಅಪ್ಪನೂ ಅಕ್ಕನೂ ಎರಡು ದಿನದ ಮಟ್ಟಿಗೆ ಮೈಸೂರಿಗೆ ಹೋದರು. ನಾನು ಮನೆಯಲ್ಲಿ, ಟೀವಿಯ ಮುಂದೆ.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಆಟದಲ್ಲಿ ಸಮುದ್ರದ ದಂಡೆಯ ಒಂದು ಊರಿನಲ್ಲಿ ಜೂಜಿನ ಮನೆ ಇತ್ತು. ಮೂರು ಪೆಟ್ಟಿಗೆ, ಒಂದರಲ್ಲಿ ಚಿನ್ನ. ಸರಿಯಾದ ಪೆಟ್ಟಿಗೆ ತೋರಿಸಿದರೆ ಇಟ್ಟ ಕಾಸಿಗೆ ಎರಡರಷ್ಟು. ಅಕ್ಕ ಬರುವುದರೊಳಗೆ ಐನೂರ ಒಂದನ್ನು ಸಾವಿರದ ಒಂದು ಮಾಡಿ ತೋರಿಸಬೇಕು ಎಂದು ನನ್ನ ತಲೆಯೊಳಗೆ ಹೊಕ್ಕಿತು. ದೇವರಿಗೂ ಹೆಚ್ಚಾಯಿತು, ಅವಳಿಗೂ ಖುಷಿ. ಗುಡ್ಡ ಹತ್ತಿ ಮುದುಕನ ಹತ್ತಿರ ಅಷ್ಟನ್ನೂ ಬಿಡಿಸಿಕೊಂಡೆ. ಕೊಡಲೇ ಎಂದು ಅವನು ಎರಡು ಸಲ ಕೇಳಿದ. ಹೂಂ ಎಂದು ಎರಡು ಸಲ ಒತ್ತಿದೆ. ಮೊದಮೊದಲು ಗೆದ್ದೆ. ಆರುನೂರ ಇಪ್ಪತ್ತೊಂದರ ತನಕ ಏರಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಒಂದು ಗಂಟೆಯೊಳಗೆ ಸೊನ್ನೆಯಾಯಿತು. ಗಾಬರಿಯಲ್ಲಿ ಪ್ಲಗ್ಗು ಕಿತ್ತೆ, ಮತ್ತೆ ಹಾಕಿದೆ, ಆಗಲೂ ಸೊನ್ನೆ. ಮರೆಯುವುದಿಲ್ಲ ಎಂದು ಮಾಮ ಹೇಳಿದ್ದು ನಿಜವಾಗಿತ್ತು. ಉಳಿದ ಹೊತ್ತೆಲ್ಲ ಹುಚ್ಚಿಯ ಹಾಗೆ ಕಪ್ಪೆ ಹೊಡೆದೆ. ಅವಸರಕ್ಕೆ ಮಾದ ಸಾಯುತ್ತಿದ್ದ, ಕೂಡಿದ್ದರಲ್ಲಿ ಅರ್ಧ ಹೋಗುತ್ತಿತ್ತು. ಅಕ್ಕ ಬರುವ ಹೊತ್ತಿಗೆ ಜೇಬಿನಲ್ಲಿ ಮೂವತ್ತೆಂಟು ಕಾಸಿತ್ತು. ಅದನ್ನು ಮುದುಕನಿಗೆ ಕೊಡುವ ಧೈರ್ಯವೂ ಬರಲಿಲ್ಲ.

ಮಾರನೇ ದಿನ ಅಕ್ಕ ಮಾದನನ್ನು ಗುಡ್ಡ ಹತ್ತಿಸಿದಳು. ಮುದುಕ ಏನೋ ಹೇಳಿದ. ‘ಏನಂತಾನೆ, ಓದು’ ಎಂದಳು.

‘ನಿಂದು ಏನೂ ನನ್ನ ಹತ್ರ ಇಲ್ಲ ಅಂತಾನೆ’ ಎಂದೆ. ಆ ಒಂದು ಸಾಲನ್ನು ಮಾತ್ರ ಸರಿಯಾಗಿ ಅನುವಾದಿಸಿದೆ.

ಅವಳು ತಿರುಗಿ ನನ್ನನ್ನು ನೋಡಿದಳು. ‘ನೀನೇನಾರ ಮುಟ್ಟಿದ್ಯಾ ಸುಸೀ?’

‘ಇಲ್ಲ ಕಣಕ್ಕ.’

‘ಮಾದಪ್ಪನಾಣೆ?’

‘ಮಾದಪ್ಪನಾಣೆಗೂ ಮುಟ್ಟಿಲ್ಲ.’

ಅವಳು ಟೀವಿ ಆರಿಸಿ ಗೋಡೆಗೆ ಒರಗಿ ಕೂತಳು. ನನ್ನ ಮಾತನ್ನು ಅವಳು ನಂಬಿದ್ದಳು. ನಾನು ಮುಟ್ಟಿಲ್ಲವೆಂದರೆ ಇನ್ನು ಯಾರು ಮುಟ್ಟುತ್ತಾರೆ? ಆ ಕಡೆ ನನ್ನ ಯೋಚನೆಯೇ ಹರಿದಿರಲಿಲ್ಲ. ನನಗೆ ಬೈಗುಳ ತಪ್ಪಿತು, ಅಷ್ಟೇ ಗೊತ್ತು. ಸಂಜೆಗೆ ಮಾಮ ಬಂದಾಗ ಅವಳು ಹೇಳಿದಳು. ಬ್ಯಾಟರಿ ಹೋಗಿರಬೇಕು ಬಿಡು ಎಂದು ಮಾಮ ನಕ್ಕ. ‘ಬ್ಯಾಟ್ರಿ ಓಗಿದ್ರೆ ಎಲ್ಲಾನೂ ಓಗ್ಬೇಕಿತ್ತು ಮಾಮ. ಲಾಟೀನು ಅದೆ, ಬೂಟು ಅದೆ, ಜೇಬಲ್ಲಿ ಕಾಸೂ ಅದೆ. ಮುಡಿಪು ಒಂದೇ ಇಲ್ಲ’ ಎಂದಳು ಅಕ್ಕ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಆಪರೇಷನ್ನಿಗೆ ಹೊರಡುವ ಬೆಳಿಗ್ಗೆ ಮಾಮ ಕೊಳ್ಳೇಗಾಲದಿಂದ ಬಾಡಿಗೆ ಕಾರು ತಂದಿದ್ದ. ಬೀದಿಯವರೆಲ್ಲ ನಿಂತಿದ್ದರು. ಅಕ್ಕ ಜಗುಲಿಯ ಮೇಲೆ ಕೂತವಳು ಏಳಲಿಲ್ಲ.

‘ನಾನು ಬರಾಕಿಲ್ಲ ಅಪ್ಪ’ ಎಂದಳು. ‘ಒಲ್ಲೆ ಅಂತ ಮಾದಪ್ಪನೇ ತಳ್ಬುಟ್ಟವ್ನೆ. ಕುಯ್ಸಿಕಂಡು ಅಲ್ಲೇ ಸತ್ತೋಗಾದು ಬ್ಯಾಡ. ಇಲ್ಲೇ ಇರ್ತೀನಿ ಬುಡಿ.’

ಅಪ್ಪ ಬೈದ, ಆಮೇಲೆ ಕೈ ಮುಗಿದ. ಮಗಳ ಮುಂದೆ ಅಪ್ಪ ಕೈ ಮುಗಿದದ್ದನ್ನು ನೋಡಿದ್ದು ಅದೊಂದೇ ಸಲ. ಮಾಮ ತೋಳು ಹಿಡಿದು ಎಬ್ಬಿಸಲು ಹೋದ. ಅಕ್ಕನಿಗೆ ಉಸಿರು ಹತ್ತಿ ತುಟಿ ನೀಲಿಯಾದದ್ದು ನೋಡಿ ಬಿಟ್ಟುಬಿಟ್ಟ. ಅವ್ವ ಮಾತ್ರ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಅಕ್ಕನ ಬಟ್ಟೆಯ ಬ್ಯಾಗು ಹಿಡಿದುಕೊಂಡು ಕಾರಿನ ಪಕ್ಕ ನಿಂತಿದ್ದೆ. ಅಕ್ಕ, ನಾನೇ ಜೂಜಾಡಿ ಕಳೆದೆ ಎಂದು ನಾಲ್ಕು ಮಾತು ಹೇಳಿದ್ದರೆ ಅವಳು ನನ್ನ ಕೆನ್ನೆಗೆ ಬಾರಿಸಿ, ಎದ್ದು ಕಾರು ಹತ್ತುತ್ತಿದ್ದಳು. ಮಾತು ಬಾಯಿಯ ತನಕ ಬಂದಿತ್ತು. ಅಷ್ಟು ಜನರ ಮುಂದೆ, ಆಣೆ ಇಟ್ಟು ಸುಳ್ಳು ಹೇಳಿದವಳು ಅನ್ನಿಸಿಕೊಳ್ಳುವುದಕ್ಕೆ ಹೆದರಿದೆ. ಆಮೇಲೆ ಇಷ್ಟು ವರ್ಷ ಇದಕ್ಕಿಂತ ದೊಡ್ಡ ಕಾರಣವೊಂದನ್ನು ಹುಡುಕಿದ್ದೇನೆ, ಸಿಕ್ಕಿಲ್ಲ.

ಕಾರು ಖಾಲಿಯಾಗಿ ಕೊಳ್ಳೇಗಾಲಕ್ಕೆ ಹೋಯಿತು. ತಪ್ಪಿಸಿಕೊಂಡವರ ಹೆಸರು ಸರದಿಯ ಕೊನೆಗೆ ಹೋಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಆ ಸರದಿ ತಿರುಗಿ ಬರುವ ಮೊದಲೇ, ನಾಲ್ಕನೇ ತಿಂಗಳಲ್ಲಿ, ಅಕ್ಕ ತೀರಿಕೊಂಡಳು. ಹೋಗಿದ್ದರೆ ಉಳಿಯುತ್ತಿದ್ದಳು ಎಂದು ಯಾರೂ ಬರೆದುಕೊಟ್ಟಿರಲಿಲ್ಲ, ನಿಜ. ಅದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ನಾಲ್ಕು ತಿಂಗಳು ಅವಳು ದೇವರು ಕೂಡ ತನ್ನನ್ನು ಬೇಡವೆಂದ ಎಂದುಕೊಂಡು ಬದುಕಿದಳು. ಅದು ಸುಳ್ಳೆಂದು ಗೊತ್ತಿದ್ದವಳು ದಿನಾ ಅವಳ ಪಕ್ಕದಲ್ಲೇ ಊಟ ಮಾಡುತ್ತಿದ್ದೆ.

ಅಪ್ಪನೂ ಈಗಿಲ್ಲ. ಕೆಲಸ ಸಿಕ್ಕಿದ ಮೇಲೆ ಅವ್ವನನ್ನು ಯಳಂದೂರಿಗೆ ಕರೆತಂದು ಜೊತೆಯಲ್ಲಿಟ್ಟುಕೊಂಡಿದ್ದೇನೆ. ಹೋದ ವರ್ಷ ಒಂದು ಮಧ್ಯಾಹ್ನ ಅವ್ವ ಹುರುಳಿಕಾಳು ಆರಿಸುತ್ತಾ ಕೂತಿದ್ದಾಗ ಹೇಳಿಯೇಬಿಡಬೇಕು ಎಂದು ಎದುರಿಗೆ ಕೂತೆ. ‘ಅವ್ವ, ಅಕ್ಕನ ಮುಡಿಪು ಇತ್ತಲ್ಲ’ ಎಂದು ಶುರು ಮಾಡಿದೆ.

ಅವ್ವ ಕಾಳಿನಿಂದ ಕಣ್ಣು ತೆಗೆಯಲಿಲ್ಲ. ‘ಅದೊಂದು ಇಲ್ದಿದ್ರೆ ನಾನು ಯಾವತ್ತೋ ಬಾವಿ ನೋಡ್ಕತಿದ್ದೆ ಕಣಮ್ಮಿ’ ಎಂದಳು. ‘ಕೆಲಸಗಳ್ಳಿ ಅಂತ ಬೈದು ಬೈದು ಮಡಗಿದ್ದೆ ಅವಳ್ನ. ಒಸಿ ಮುಂಚೆ ತೋರ್ಸಿದ್ರೆ, ಅವತ್ತು ಕೂದ್ಲಿಡ್ದು ಕಾರಿಗೆ ಹತ್ಸಿದ್ರೆ ಅಂತ ಎಷ್ಟು ಎದೆ ಬಡ್ಕಂಡೆ. ಆಮೇಲೆ ಅಂದ್ಕಂಡೆ, ಮಾದಪ್ಪನೇ ಒಲ್ಲೆ ಅಂದ್ಮೇಲೆ ನಂದೇನದೆ. ಅಂಗಂದ್ಕಂಡೇ ಬದುಕಿರೋದು. ಏನು, ಮುಡಿಪು ಏನು?’

‘ಏನಿಲ್ಲವ್ವ, ಗ್ಯಾಪ್ನ ಬಂತು’ ಎಂದೆ. ಮೊರದ ಇನ್ನೊಂದು ಕಡೆಯಿಂದ ನಾನೂ ಕಾಳು ಆರಿಸತೊಡಗಿದೆ.

ಅವ್ವನಿಗೆ ಅಕ್ಷರ ಬರುವುದಿಲ್ಲ. ಇಷ್ಟನ್ನು ಬರೆಯುವ ಧೈರ್ಯ ಬಂದದ್ದು ಅದರಿಂದಲೇ. ನೀವು ನಮ್ಮ ಕಡೆಯವರಾಗಿದ್ದು, ಎಂದಾದರೂ ಯಳಂದೂರಿನಲ್ಲಿ ನಮ್ಮ ಮನೆ ಬಾಗಿಲಿಗೆ ಬಂದರೆ ಕೂತು ಮಾತಾಡಿ, ಕಾಫಿ ಕುಡಿದು ಹೋಗಿ. ಇದನ್ನು ಮಾತ್ರ ಅವಳಿಗೆ ಓದಿ ಹೇಳಬೇಡಿ.